ಮಂಗಳವಾರದ ಮಣಕಾಲ ಡಾಕ್ಟರು

ನನ್ನ ಹೆಸರಿನ ಮುಂದೆ ಎಂಬಿಬಿಎಸ್ ಇದೆ. ಅದರ ಮೇಲೆ ಮೂರು ವರ್ಷ ಬೆವರು ಸುರಿಸಿ ಪಡೆದ ಕುಟುಂಬ ವೈದ್ಯಶಾಸ್ತ್ರದ ಪದವಿಯೂ ಇದೆ. ನೆಗಡಿಯಿಂದ ಹಿಡಿದು ಎದೆನೋವಿನವರೆಗೆ ಮನೆಮಂದಿಯ ಯಾವ ಜಡ್ಡಾದರೂ ಮೊದಲು ನೋಡುವವಳು ನಾನು ಅಂತ ಅದರರ್ಥ. ಬೋರ್ಡಿನ ಮೇಲೆ ಹಾಗೇ ಬರೆಸಿದ್ದೇನೆ. ಓದುವವರು ಯಾರು? ನಮ್ಮ ಕಡೆ ಡಾಕ್ಟರಿಗೆ ಪದವಿ ಕೊಡುವುದು ಮೊದಲ ಪೇಷಂಟು.

ವಾರದಲ್ಲಿ ನಾಲ್ಕು ದಿನ ನಾಲ್ಕು ಊರಿನಲ್ಲಿ, ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರುತ್ತೇನೆ. ಇಂಡಿಯಲ್ಲಿ ಮೊದಲು ಬಂದವರು ಲಿಂಬೆತೋಟದ ಒಬ್ಬ ಗೌಡರು. ಅವರ ಶುಗರ್ ಹತೋಟಿಗೆ ಬಂತು, ನಾನು ಅಲ್ಲಿ ಶುಗರ್ ಡಾಕ್ಟರಾದೆ. ಮುದ್ದೇಬಿಹಾಳದಲ್ಲಿ ಒಂದು ಕೂಸಿನ ಕೆಮ್ಮು ನಿಂತಿತು, ಮಕ್ಕಳ ಡಾಕ್ಟರಾದೆ. ಬಸವನ ಬಾಗೇವಾಡಿಯಲ್ಲಿ ಮಸೂತಿ ಊರಿನ ಅಜ್ಜಿಯೊಬ್ಬಳಿಗೆ ತಲೆ ತಿರುಗುವುದು ಬಿಟ್ಟಿತು, ಅಲ್ಲಿ ತಲೆ ಡಾಕ್ಟರು. ಸಿಂದಗಿಯಲ್ಲಿ ಮಾತ್ರ ಒಬ್ಬ ಹೆಡ್ಮಾಸ್ತರರ ಮೊಣಕಾಲು ಸಿಕ್ಕಿತು. ಅಂದಿನಿಂದ ಪ್ರತಿ ಮಂಗಳವಾರ ನಾನು ಸಿಂದಗಿಯ ‘ಮಣಕಾಲ ಬಾಯಾರು’, ಅಂದರೆ ಮೊಣಕಾಲಿನ ಡಾಕ್ಟರಮ್ಮ.

ಅಂಥ ಒಂದು ಮಂಗಳವಾರ ತೊಗರಿ ವ್ಯಾಪಾರಿಯೊಬ್ಬರು ಹೆಂಡತಿಯನ್ನು ಕರೆದುಕೊಂಡು ಬಂದರು. ಆಕೆಗೆ ಮೊಣಕಾಲು ನೋವು. ನಾನು ಆಕೆಯನ್ನು ಟೇಬಲ್ಲಿನ ಮೇಲೆ ಮಲಗಿಸಿ ಕಾಲು ಮಡಿಸಿ ನೋಡುತ್ತಿದ್ದೆ, ಕಣ್ಣು ಮಾತ್ರ ಗೋಡೆಗೊರಗಿ ಕೂತ ಯಜಮಾನರ ಮೇಲಿತ್ತು. ಫ್ಯಾನಿನ ಕೆಳಗೇ ಕೂತಿದ್ದರೂ ಅಂಗಿ ಬೆನ್ನಿಗೆ ಅಂಟಿತ್ತು. ಎಡಗೈ ತಿಕ್ಕಿಕೊಳ್ಳುತ್ತಿದ್ದರು.

“ಯಜಮಾನ್ರ, ನಿಮಗೇನಾಗೇತಿ?”

“ನಂದೇನ್ ತಗೋರಿ, ಗ್ಯಾಸ್ ಆಗೇತಿ. ನೀವು ಮಣಕಾಲ ನೋಡ್ರಿ.”

“ಎದಿ ನೋಯಾಕತ್ತೈತೇನು?”

“ಶನಿವಾರ ಎದಿ ಡಾಕ್ಟ್ರು ಬರ್ತಾರ. ಅವ್ರಿಗೆ ತೋರಸ್ತೇನಿ.”

ಶನಿವಾರವಂತೆ! ಈ ಮನುಷ್ಯ ಸಂಜೆ ನೋಡುತ್ತಾರೋ ಇಲ್ಲವೋ ಅಂತ ನನ್ನ ಜೀವ ಬಾಯಿಗೆ ಬಂದಿತ್ತು. ಸಿಟ್ಟು ನನಗೆ ಮೊದಲೇ ಮೂಗಿನ ತುದಿಯಲ್ಲಿ. ಮೊಬೈಲಿನಲ್ಲಿದ್ದ ನನ್ನ ಸರ್ಟಿಫಿಕೇಟಿನ ಫೋಟೊ ತೆಗೆದು ಅವರ ಮುಖಕ್ಕೆ ಹಿಡಿದೆ. ಅವರು ನಿಧಾನವಾಗಿ ಜೇಬಿನಿಂದ ಚಾಳೀಸು ತೆಗೆದು ಮೂಗಿಗೇರಿಸಿಕೊಂಡರು. ಮೇಲಿಂದ ಕೆಳಗೆ ಪೂರ್ತಿ ಓದಿದರು.

“ಇದರಾಗ ಎದಿ ಅಂತ ಎಲ್ಲಿ ಬರದಾರ್ರಿ ಬಾಯಾರ?”

ಇಷ್ಟು ವರ್ಷ ಓದಿ ಏನು ಸುಖ! ತಲೆ ಚಚ್ಚಿಕೊಳ್ಳೋಣ ಅನ್ನಿಸಿತು. ಅಷ್ಟರಲ್ಲಿ ಹೆಂಡತಿ ಸೀರೆ ಸರಿಪಡಿಸಿಕೊಂಡು ಎದ್ದು ಕೂತಳು.

“ರೀ, ಹತ್ತು ವರ್ಸಾತು, ಮಣಕಾಲ ಬ್ಯಾನಿ ಅಂತ ಒದ್ದಾಡಾಕತ್ತೇನಿ. ಒಂದಿನಾನೂ ದವಾಖಾನಿಗೆ ಕರಕೊಂಡ ಬಂದವರಲ್ಲ. ಇವತ್ತ ಅಂಗಡಿ ಬಾಗಲಾ ಹಾಕಿ ಯಾಕ ಬಂದ್ರಿ?”

ಯಜಮಾನರು ಚಾಳೀಸು ತೆಗೆದರು. ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

“ಮುಂಜಾನಿಂದ ಎದಿ ಮ್ಯಾಲ ತೊಗರಿ ಚೀಲಾ ಇಟ್ಟಂಗ ಆಗೇತಿ,” ಅಂದರು ಕಡೆಗೆ. “ಹೇಳಿದ್ರ ನೀ ಹೆದರ್ತಿ ಅಂತ ನಿನ್ನ ಮಣಕಾಲ ನೆವಾ ಮಾಡ್ಕೊಂಡ ಬಂದೆ...”

“ಅಯ್ಯ ನನ್ನ ಶಿವನ! ಏಳ್ರಿ ಮ್ಯಾಲ!” ಅಂದವಳೇ ಟೇಬಲ್ಲಿನಿಂದ ಇಳಿದು, ರಟ್ಟೆ ಹಿಡಿದು ಅವರನ್ನು ಅದೇ ಟೇಬಲ್ಲಿನ ಮೇಲೆ ಮಲಗಿಸಿದಳು.

ಈಸಿಜಿ ತೆಗೆದೆ. ಹಾರ್ಟ್ ಅಟ್ಯಾಕ್ ಎಂಬ ನನ್ನ ಅನುಮಾನ ನಿಜವಾಗಿತ್ತು. ಆ್ಯಸ್ಪಿರಿನ್ ಅಗಿಯಲು ಕೊಟ್ಟೆ, ವಿಜಯಪುರದ ಆಸ್ಪತ್ರೆಗೆ ಫೋನ್ ಮಾಡಿದೆ. ಆ್ಯಂಬುಲೆನ್ಸ್ ಬಾಗಿಲಿಗೆ ಬಂತು. ಸ್ಟ್ರೆಚರ್ ಮೇಲೆ ಮಲಗಿದವರು ನನ್ನ ಕೈ ಹಿಡಿದು, “ಉಳೀತೇನೇನ್ರಿ ಬಾಯಾರ?” ಅಂತ ಕೇಳಿದರು.

“ಉಳೀತೀರಿ,” ಅಂದೆ. ಹಾಗೆ ಹೇಳಲು ಯಾವ ಸರ್ಟಿಫಿಕೇಟೂ ನನಗೆ ಅಧಿಕಾರ ಕೊಟ್ಟಿರಲಿಲ್ಲ. ಹೇಳಿದೆ.

ಆಮೇಲೆ ಬಂದ ಪೇಷಂಟುಗಳಿಗೆಲ್ಲ ಕಾರಣವಿಲ್ಲದೆ ರೇಗಿದೆ. ಊಟ ಸೇರಲಿಲ್ಲ. ಸಂಜೆ ಐದರ ಹೊತ್ತಿಗೆ ಅವರ ಹೆಂಡತಿಯ ಫೋನ್ ಬಂತು.

“ಬಾಯಾರ, ಎದಿ ರಕ್ತನಾಳ ಕಟ್ಟಿದ್ದು ಬಿಡಿಸಿದ್ರಂತ್ರಿ. ಈಗ ಮಾತಾಡಾಕತ್ತಾರ. ಆಗಲೇ ನರ್ಸಿಗೆ ಬೈಯಾಕತ್ತಾರ.”

“ಬೈಲಿ ಬಿಡ್ರಿ ತಾಯಿ, ಬೈಲಿ,” ಅಂದೆ. ಅಷ್ಟು ಹೇಳುವುದರೊಳಗೆ ನನಗೆ ಅಳು ಬಂದುಬಿಟ್ಟಿತು.