ಆಪಾ ಹಚ್ಚಿದ ಗುಲಾಬಿ ಪರದೆ

ಆಪಾ ಅವರ ಬಲಗೈ ತೋರುಬೆರಳು ಮೊದಲ ಗೆಣ್ಣಿನವರೆಗೆ ಕರ್ರಗಿತ್ತು. ಹೊಗೆಸೊಪ್ಪು ಸುಟ್ಟು ಪುಡಿಮಾಡಿದ ಮಿಸ್ರಿಯನ್ನು ಹೊತ್ತುಗೊತ್ತಿಲ್ಲದೆ ಹಲ್ಲಿಗೆ ತಿಕ್ಕುವ ಬೆರಳು ಅದು. ತಿಕ್ಕಿ, ಸೆರಗಿಗೂ ಒರೆಸದೆ, ಅದನ್ನೇ ಕಂಪ್ಯೂಟರಿನ ಮೌಸಿನ ಮೇಲೆ ಇಡುತ್ತಿದ್ದರು. ಬಿಳಿ ಮೌಸಿನ ಎಡಗುಂಡಿ ರೊಟ್ಟಿ ಹಂಚಿನ ತಳವಾಗಿತ್ತು.

ತೊಂಬತ್ತರ ದಶಕದ ಕೊನೆಗೆ ಅಫಜಲಪುರದಲ್ಲಿ ಹೆಂಗಸರಿಗೆ ಕಂಪ್ಯೂಟರ್ ಕಲಿಸುತ್ತಿದ್ದವರು ಅವರೊಬ್ಬರೇ. ಮನೆಯ ಮುಂದಿನ ಕೋಣೆಯಲ್ಲಿ ಒಂದೇ ಒಂದು ಕಂಪ್ಯೂಟರ್. ನಾವೆಲ್ಲ ಅವರನ್ನು ಅಕ್ಕ ಎಂಬರ್ಥದಲ್ಲಿ ಆಪಾ ಎನ್ನುತ್ತಿದ್ದೆವು. ನಾನು ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದೆ. ಕಂಪ್ಯೂಟರ್ ಪರೀಕ್ಷೆ ಪಾಸಾಗದವರನ್ನು ದೂರದ ಯಡ್ರಾಮಿಗೆ ವರ್ಗ ಮಾಡಿ ಕಳಿಸುತ್ತೇನೆಂದು ಸಾಹೇಬರು ಹೇಳಿದ್ದರು. "ಯಡ್ರಾಮಿ ಅಂದ್ರ ನೌಕರಿ ಬಿಟ್ಟು ಮನ್ಯಾಗ ಕುಂಡ್ರು" ಎಂದು ಅತ್ತೆ ಹೇಳಿದ್ದರು. ಅತ್ತೆಯ ಜೊತೆ ಇಡೀ ದಿನ ಮನೆಯಲ್ಲಿ ಕೂರುವುದಕ್ಕಿಂತ ಮಿಸ್ರಿಯೇ ವಾಸಿ ಎಂದು ಮೂಗು ಮುಚ್ಚಿಕೊಂಡು ಹೋದೆ.

ಮಿಸ್ರಿ ಸಾಲದೆಂದು ಕಂಪ್ಯೂಟರಿನ ಆ ಪರದೆ ಬೇರೆ! ಬತ್ತಾಸಿನ ಗುಲಾಬಿ ಬಣ್ಣ, ನಡುವೆ ರೊಟ್ಟಿಯಗಲದ ಗುಲಾಬಿ ಹೂ, ಅದರ ಮೇಲೆ ಜಿನುಗುವ ನೀರಹನಿ. ಅಕ್ಷರಕ್ಕೆ ಗಿಳಿಹಸಿರು. ಮೌಸಿನ ಬಾಣದ ಗುರುತಿನ ಬದಲು ಓಡುವ ಕುದುರೆ. ಮದುವೆ ಹಂದರಕ್ಕೂ ಯಾರೂ ಅಷ್ಟು ಬಣ್ಣ ಹಚ್ಚುವುದಿಲ್ಲ. ಕಸದ ಬುಟ್ಟಿಯ ಚಿತ್ರವನ್ನು ಮಾತ್ರ ಎಳೆದು ಕೆಳಮೂಲೆಗೆ ತಳ್ಳಿದ್ದರು.

"ಕಸದ ಬುಟ್ಟಿ ಯಾರರ ನಡುಮನ್ಯಾಗ ಇಡ್ತಾರೇನಬೇ? ಇದೂ ಒಂದ್ ಮನೀನೇ. ದಿನಾ ಕುಂಡ್ರೋ ಜಾಗ ಚಂದ ಇರಬೇಕ. ಹೆಂಗದ, ಹೇಳು?"

"ಚಂದ ಅದರಿ ಆಪಾ" ಎಂದೆ, ಕಣ್ಣು ಬೇರೆ ಕಡೆ ಮಾಡಿ.

ಟೈಪ್‌ರೈಟರಿಗೆ ಎರಡೂ ಕೈ ಬೇಕು. ಹಾಗಾಗಿ ಕಚೇರಿಯಲ್ಲಿ ನನ್ನ ಗುಟ್ಟು ಉಳಿದಿತ್ತು. ಇಲ್ಲಿ ಬಲಗೈಯಲ್ಲಿ ಮೌಸ್ ಹಿಡಿದದ್ದೇ ತಡ, ಆಪಾ ಅವರ ಕುದುರೆ ಹುಚ್ಚೆದ್ದು ಪರದೆ ತುಂಬ ಓಡಿತು. ಎಡಗೈಯನ್ನು ಸೆರಗಿನೊಳಗೆ ಅಡಗಿಸಿಕೊಂಡಿದ್ದೆ.

"ಸೆರಗಿನ್ಯಾಗ ಏನ ಮುಚ್ಚಿಟ್ಟೀಬೇ, ಮೊಲದ ಮರೀನಾ?"

"ನಾ ಎಡಚಿ ಇದ್ದೀನ್ರಿ ಆಪಾ. ಎಡಗೈಲೆ ಬಡದ ರೊಟ್ಟಿ ನಮ್ಮತ್ತಿ ಉಣ್ಣಂಗಿಲ್ರಿ. ಹೇಸಿಗಿ ಅಂತಾರ."

ಆಪಾ ಕಪ್ಪು ಹಲ್ಲು ಅಷ್ಟೂ ಕಾಣುವಂತೆ ನಕ್ಕರು. "ನನ್ನ ಮಿಸ್ರಿ ನೋಡಿ ನೀ ಮೂಗ ಮುರೀತಿ, ನಿನ್ನ ಕೈ ನೋಡಿ ನಿಮ್ಮತ್ತಿ ಮೂಗ ಮುರೀತಾಳ. ಬರೋಬರಿ ಆತಲ್ಲ!"

ನಾನು ಮೂಗು ಮುರಿಯುವುದು ಅವರಿಗೆ ಕಂಡಿಲ್ಲವೆಂದೇ ತಿಳಿದಿದ್ದೆ.

ಅವರು ಮೌಸನ್ನು ಎತ್ತಿ ನನ್ನ ಎಡಕ್ಕಿಟ್ಟರು. ಏನೋ ಒತ್ತಿ, ಎರಡು ಗುಂಡಿಗಳ ಕೆಲಸವನ್ನು ಅದಲುಬದಲು ಮಾಡಿದರು. ನನ್ನ ತೋರುಬೆರಳಿಗೆ ಸಿಕ್ಕಿದ್ದು ಮಿಸ್ರಿ ಹತ್ತದ ಗುಂಡಿ. ಕುದುರೆ ಹೇಳಿದಲ್ಲಿ ನಿಂತಿತು.

"ಎಲ್ಲೇ ಕುಂಡ್ರು, ಮೊದಲ ಜಾಗ ನಿಂದ ಮಾಡ್ಕೊ. ಆಮ್ಯಾಲ ಕೆಲಸ" ಎಂದು ಆ ಬದಲಾವಣೆಯನ್ನು ನನ್ನಿಂದಲೇ ಮತ್ತೆ ಮತ್ತೆ ಮಾಡಿಸಿದರು.

ಪರೀಕ್ಷೆಯ ದಿನ ಸಾಹೇಬರ ಕಂಪ್ಯೂಟರಿನ ಮುಂದೆ ಕೂತವಳೇ ಮೌಸನ್ನು ಎಡಕ್ಕಿಟ್ಟುಕೊಂಡು ಗುಂಡಿ ಬದಲಿಸಿದೆ.

"ಏನಬೇ ಇದು, ಎಡಗೈಲೆ? ಛೀ!" ಎಂದರು ಸಾಹೇಬರು.

"ಯಾವ ಕೈಲೆ ಮಾಡೀನಂತ ಕಾಗದ ಹೇಳ್ತದೇನ್ರಿ ಸಾಹೇಬ್ರ?"

ಪಾಸಾದೆ, ಯಡ್ರಾಮಿ ತಪ್ಪಿತು. ಎದ್ದು ಬರುವಾಗ ಗುಂಡಿಗಳನ್ನು ಮೊದಲಿನಂತೆ ಮಾಡಲಿಲ್ಲ. ಬೇಕೆಂದೇ. ಸಂಜೆಯವರೆಗೂ ಸಾಹೇಬರು ಒಂದು ಒತ್ತಿದರೆ ಇನ್ನೊಂದು ತೆರೆದು, ಕಂಪ್ಯೂಟರನ್ನು ಬೈಯುತ್ತಿದ್ದರು.

ಕೆಲವು ವರ್ಷಗಳಲ್ಲಿ ಆ ಹಾಳು ಮಿಸ್ರಿ ಆಪಾ ಅವರ ದವಡೆಯನ್ನು ತಿಂದಿತು. ನೋಡಲು ಹೋದಾಗ ಬಾಯಿ ತೆರೆಯಲು ಆಗುತ್ತಿರಲಿಲ್ಲ. ಕೈಚಾಚಿ ನನ್ನ ಎಡಗೈ ಹಿಡಿದುಕೊಂಡರು. ಅವರ ತೋರುಬೆರಳು ತೊಳೆದಿಟ್ಟಂತೆ ಬೆಳ್ಳಗಿತ್ತು. ನಾನು ಅಷ್ಟು ಹೇಸಿಕೊಂಡಿದ್ದ ಬೆರಳು ಸ್ವಚ್ಛವಾದದ್ದನ್ನು ನನ್ನಿಂದ ನೋಡಲಾಗಲಿಲ್ಲ. ಆ ವಾರವೇ ಹೋದರು.

ಈಚೆಗೆ ಫೋನಿನಲ್ಲಿ ಟೈಪ್ ಮಾಡಲು ಕಲಿತಿದ್ದೇನೆ, ಎಡಗೈ ಹೆಬ್ಬೆರಳಿನಿಂದ. ಬರೆಯುವ ಮೊದಲು ಜಾಗ ನನ್ನದು ಮಾಡಿಕೊಂಡೆ: ಬತ್ತಾಸಿನ ಬಣ್ಣ, ನಡುವೆ ನೀರಹನಿ ಜಿನುಗುವ ಗುಲಾಬಿ.

ಮೊಮ್ಮಗಳು ನೋಡಿ ಮುಖ ಕಿವುಚಿದಳು. "ಛೀ ಅಜ್ಜಿ, ಎಷ್ಟ್ ಹೊಲಸ ಅದ! ಕೊಡು, ತಗದ್ ಹಾಕ್ತೀನಿ."

"ಹೌದವಾ, ಭಾಳ ಹೊಲಸ ಅದ" ಎಂದೆ. "ಮುಟ್ಟಿದ್ರ ನೋಡ ಮತ್ತ!"