ಮಹಾಪ್ರಸಾದನ ಕೂದಲು

ಬೈಂಚಪಡಾ ಊರಿನಲ್ಲಿ ನೇತ್ರ ಬಾರಿಕನದ್ದು ಕ್ಷೌರದ ಅಂಗಡಿ. ಅಲ್ಲಿ ಗಿರಾಕಿ ಕೂರಲು ಒಂದು ಕುರ್ಚಿ, ಕಾಯುವವರಿಗೆ ಒಂದು ಬೆಂಚು, ಮತ್ತು ಯಾರೂ ಕೂರದಂತೆ ಗೋಡೆಯ ಮೊಳೆಗೆ ತೂಗುಹಾಕಿದ ಒಂದು ಹಲಸಿನ ಮಣೆ ಇತ್ತು. ಹೊಸಬರು ಬಂದರೆ ಕೇಳದೆ ಬಿಡುತ್ತಿರಲಿಲ್ಲ.

"ಏನ್ ನೇತ್ರಣ್ಣ, ಮಣೆಗೆ ಯಾಕೆ ನೇಣು ಹಾಕಿದೀಯ?"

"ಅದ್ರ ಮೇಲೆ ಕೂರ್ಬೇಕಾದೋನು ಇನ್ನೂ ಬಂದಿಲ್ಲ."

"ಯಾರದು?"

"ಹೆಸರು ಹೇಳೋ ಹಾಗಿಲ್ಲ."

ಆಗ ಪಕ್ಕದ ಸೂರಿನಡಿ ಬರಾ ವಡೆ ಕರಿಯುತ್ತಿದ್ದ ಹೆಂಡತಿ ಸುಭಾಸಿನಿ ಜಾಲರಿ ಸೌಟನ್ನು ಬಾಣಲೆಯ ಅಂಚಿಗೆ ಕುಟ್ಟಿ ಹೇಳುವಳು: "ಇವ್ರು ಹೇಳಲ್ಲ, ನಾನ್ ಹೇಳ್ತೀನಿ. ಸಿನಿಮಾ ಹೀರೋ ಋತುರಾಜ್. ಇವ್ರ ಮಹಾಪ್ರಸಾದ. ಕಾಯ್ತಾ ಕಾಯ್ತಾ ಮಣೆಗೆ ಗೆದ್ದಲು ಹಿಡೀತು, ಅವನಿಗೆ ನಾಚಿಕೆ ಹಿಡೀಲಿಲ್ಲ."

ಋತುರಾಜ್ ಎಂಬ ಹೆಸರು ಕಟಕದ ನಿರ್ಮಾಪಕನೊಬ್ಬ ಇಟ್ಟದ್ದು. ಊರಿನ ಹೆಸರು ಗೋಲಖ ಜೇನಾ. ನೇತ್ರನೂ ಗೋಲಖನೂ ಮೊಣಕಾಲುದ್ದದ ಹುಡುಗರಾಗಿದ್ದಾಗ ಅವರ ತಾಯಂದಿರು ಒಟ್ಟಿಗೆ ಪುರಿಗೆ ಹೋಗಿದ್ದರು. ಗುಡಿಯ ಪ್ರಸಾದ ಮಾರುವ ಆನಂದ ಬಜಾರಿನಲ್ಲಿ ಒಂದೇ ಎಲೆಯ ಮುಂದೆ ಕೂತ ಹುಡುಗರು ಜಗನ್ನಾಥನ ಅನ್ನವನ್ನು ಹೇಗೆ ಬಾಚಿ ತಿಂದರೆಂದರೆ, ಅಡುಗೆಯವನು ಅನ್ನ ಕಡಿಮೆಯಾಯಿತೆಂದು ಇನ್ನೊಂದು ಒಲೆ ಹೂಡಬೇಕಾಯಿತಂತೆ. ಒಬ್ಬ ಕ್ಷೌರಿಕನ ಮಗ, ಇನ್ನೊಬ್ಬ ಜಮೀನಿದ್ದವನ ಮಗ. ಆ ಎಲೆಯ ಮುಂದೆ ಅದನ್ನು ಯಾರೂ ಕೇಳುವುದಿಲ್ಲ. ತಾಯಂದಿರು ಒಬ್ಬನ ಕೈಯಿಂದ ಇನ್ನೊಬ್ಬನ ಬಾಯಿಗೆ ನಿರ್ಮಾಲ್ಯದ, ಎಂದರೆ ದೇವರ ಒಣಗಿದ ಅನ್ನದ, ಅಗುಳು ಹಾಕಿಸಿ, ಅಪ್ಪಿಕೊಳ್ಳಲು ಹೇಳಿದರು. ಅಲ್ಲಿಗೆ ಅವರು ಒಬ್ಬರಿಗೊಬ್ಬರು 'ಮಹಾಪ್ರಸಾದ' ಆದರು. ಇನ್ನು ಸಾಯುವ ತನಕ ಒಬ್ಬನ ಹೆಸರನ್ನು ಇನ್ನೊಬ್ಬ ಬಾಯಲ್ಲಿ ತರುವ ಹಾಗಿಲ್ಲ, ಮುರಿದುಕೊಳ್ಳುವ ಹಾಗೂ ಇಲ್ಲ. ಅವನ ಮಗಳ ಮದುವೆಗೆ ಇವನು ಸೀರೆ ಒಯ್ಯಬೇಕು, ಇವನ ತಾಯಿ ಸತ್ತರೆ ಅವನು ಹತ್ತನೆಯ ದಿನ ನದಿಯ ಘಾಟಿನಲ್ಲಿ ಕೂತು ಮಗನಂತೆಯೇ ತಲೆ ಬೋಳಿಸಿಕೊಳ್ಳಬೇಕು.

ಗೋಲಖನ ತಾಯಿ ಬೇಗ ಹೋದಳು. ಮಲತಾಯಿ ಬಂದಳು. ಅಂದಿನಿಂದ ಗೋಲಖನ ಊಟ ನೇತ್ರನ ಮನೆಯಲ್ಲೇ. ನೇತ್ರನ ತಾಯಿ ನಿಸಾಮಣಿ ಮಣ್ಣಿನ ಮಡಕೆಯಿಂದ ಪಖಾಳದ ತಣ್ಣನ್ನ ಬಡಿಸಿ, ಸುಟ್ಟ ಬದನೆಯ ದೊಡ್ಡ ಪಾಲನ್ನು ಅವನ ಬಟ್ಟಲಿಗೇ ಹಾಕುವಳು. ನೇತ್ರ ಮುಖ ಊದಿಸಿದರೆ, "ನೀನು ಹೊಟ್ಟೇಲಿ ಹುಟ್ಟಿದ ಮಗ, ಅವನು ದೇವರು ಕೊಟ್ಟ ಮಗ. ದೇವರು ಕೊಟ್ಟಿದ್ದಕ್ಕೆ ಒಂದು ಚೂರು ಜಾಸ್ತಿ" ಎನ್ನುವಳು. ಅವನ ತಲೆಗೆ ಎಣ್ಣೆ ಹಚ್ಚುತ್ತಿದ್ದವಳೂ ಅವಳೇ. ಮುಂದೆ ಮೂರು ಜಿಲ್ಲೆಯ ಹುಡುಗಿಯರ ನಿದ್ದೆ ಕೆಡಿಸಿದ ಆ ಕೂದಲು ಬೆಳೆದದ್ದು ನಿಸಾಮಣಿಯ ಅಂಗೈಯ ಎಣ್ಣೆಯಲ್ಲಿ.

ಆ ಕೂದಲ ಬಗ್ಗೆ ಹೇಳಲೇಬೇಕು, ಯಾಕೆಂದರೆ ನಟನೆಯ ಬಗ್ಗೆ ಹೇಳಲು ಏನೂ ಇಲ್ಲ. ಜಾತ್ರಾ ನಾಟಕದ ಕಂಪನಿಯಲ್ಲಿ ಈಟಿ ಹಿಡಿದು ನಿಲ್ಲುವ ಪಾತ್ರದಿಂದ ಶುರುಮಾಡಿದ ಗೋಲಖ, ಈಟಿಗಿಂತ ಸ್ವಲ್ಪ ಕಡಿಮೆ ಅಭಿನಯಿಸುತ್ತಿದ್ದ. ಆದರೆ ತಲೆ ಕೊಡವಿದರೆ ಸಾಕು, ಹೆಂಗಸರ ಕಡೆಯಿಂದ ನಿಟ್ಟುಸಿರು ಎದ್ದು ಪೆಟ್ರೋಮ್ಯಾಕ್ಸ್ ಆರಿಹೋಗುತ್ತಿತ್ತು. ಕಟಕದವರು ಕರೆದೊಯ್ದು ಹೀರೋ ಮಾಡಿದರು. ಅವನಿಗೆ ಗೊತ್ತಿದ್ದದ್ದು ಒಂದೇ ಮುಖಭಾವ. ತಾಯಿ ಸತ್ತಾಗಲೂ ಅದೇ, ಲಾಟರಿ ಹೊಡೆದಾಗಲೂ ಅದೇ, ಹಾವು ಕಚ್ಚಿದಾಗಲೂ ಅದೇ. ಹಾವೇ ಅನುಮಾನಬಿದ್ದು ಇನ್ನೊಮ್ಮೆ ಕಚ್ಚಿತಂತೆ. ಕೂದಲು ಮಾತ್ರ ಚಿತ್ರದಿಂದ ಚಿತ್ರಕ್ಕೆ ಪ್ರೌಢವಾಗುತ್ತ ಹೋಯಿತು. ಚಾಂದಿಪುರದ ಕಡಲತೀರದಲ್ಲಿ ಹಾಡಿನ ಚಿತ್ರೀಕರಣ ಮುಗಿಯುವ ಹೊತ್ತಿಗೆ ಅದರೊಳಗೆ ಕಾಗೆ ಮೊಟ್ಟೆ ಇಟ್ಟಿತ್ತು. ಅವನ ಹೆಗಲ ಮೇಲೆ ತಲೆಯಿಟ್ಟು ಅತ್ತ ನಾಯಕಿಯ ಓಲೆ ಮೂರು ಚಿತ್ರಗಳಾದ ಮೇಲೆ ಅದರಿಂದಲೇ ಉದುರಿತು. ನೇತ್ರನ ಅಂಗಡಿಗೆ ಬಂದ ಹುಡುಗರೆಲ್ಲ "ಋತುರಾಜ್ ಕಟಿಂಗ್" ಕೇಳುವರು. ಹೆಸರು ಹೇಳುವಂತಿಲ್ಲದ ನೇತ್ರ, "ಓ, ಆ ಕಟಿಂಗಾ?" ಎಂದು ಕತ್ತರಿ ಎತ್ತುವನು.

ನಿಸಾಮಣಿ ತೀರಿಕೊಂಡದ್ದು ಋತುರಾಜ್ ಎಂಬ ಹೆಸರು ಗೋಡೆಗೋಡೆಯ ಮೇಲಿದ್ದ ಕಾಲದಲ್ಲಿ. ಕೊನೆಗಾಲದಲ್ಲಿ ಅವಳಿಗೆ ಒಂದೇ ಚಿಂತೆ. "ಹತ್ತನೇ ದಿನ ಅವನು ಬರ್ತಾನಲ್ವೇನೋ? ಎರಡು ತಲೆ ಬೋಳಾಗ್ಬೇಕು ನನಗೆ. ಒಂದೇ ತಲೆ ಅಂದ್ರೆ ಆ ಕಡೆ ಹೋದಾಗ ಏನಂತ ಹೇಳ್ಲಿ?"

"ಬರ್ತಾನೆ ಬೋಉ. ಬರ್ದೆ ಎಲ್ಲಿಗೆ ಹೋಗ್ತಾನೆ," ಎಂದ ನೇತ್ರ ತಾಯಿಗೆ.

ಹತ್ತನೆಯ ದಿನ ನೇತ್ರ ಚಿತ್ರೋತ್ಪಳಾ ನದಿಯ ಘಾಟಿನಲ್ಲಿ ಹಲಸಿನ ಮಣೆ ಹಾಕಿ, ಕತ್ತಿ ಮಸೆದು ಕಾದ. ತನ್ನ ತಲೆ ಬೋಳಾಯಿತು, ನೆರಳು ನದಿ ದಾಟಿತು, ಮಣೆಯ ಮೇಲೆ ಒಂದು ಕಾಗೆ ಕೂತು ಹಾರಿಹೋಯಿತು. ಸಂಜೆಗೆ ಮೋಟಾರ್ ಸೈಕಲ್ಲಿನಲ್ಲಿ ಒಬ್ಬ ಬಂದ, ಇಳಿಯಲೂ ಇಲ್ಲ.

"ಸಾರ್‌ದು ಶೂಟಿಂಗ್ ಅರ್ಧದಲ್ಲಿದೆ. ಕೂದಲು ತೆಗೆದ್ರೆ ಕಂಟಿನ್ಯೂಟಿ ಹಾಳಾಗುತ್ತೆ. ಆ ಕೂದ್ಲು ಈಗ ಸಾರ್‌ದಲ್ಲ, ನಿರ್ಮಾಪಕರದ್ದು ಅಂತ ಹೇಳೋಕೆ ಹೇಳಿದ್ರು."

"ಎಣ್ಣೆ ಹಚ್ಚಿದ್ದು ನಿರ್ಮಾಪಕರಾ?" ಎಂದು ನೇತ್ರ ಕೇಳಿದ. ಮೋಟಾರ್ ಸೈಕಲ್ಲು ಆಗಲೇ ತಿರುಗಿತ್ತು. ಅಂದು ಮಣೆ ಮೊಳೆಗೇರಿತು.

ಆಮೇಲೆ ಗೋಲಖನ ಚಿತ್ರಗಳು ಒಂದೊಂದಾಗಿ ಮಲಗಿದವು. ಕೊನೆಯದು ಕೇಂದ್ರಾಪಡಾದ ಟಾಕೀಸಿನಲ್ಲಿ ಎಷ್ಟು ಖಾಲಿ ಓಡಿತೆಂದರೆ, ನಾಯಕಿ ಪರದೆಯಿಂದ ಇಳಿದು ಬಂದು ಕುರ್ಚಿಯಲ್ಲಿ ಕೂತು ನೋಡಿದಳಂತೆ. ಹೀಗೆ ಬೇರೆ ಯಾವ ಕೆಲಸಕ್ಕೂ ಬಾರದವನಾದ ಮೇಲೆ ಅವನಿಗೆ ಜನಸೇವೆಯ ನೆನಪಾಯಿತು. ಚಂಡಮಾರುತ ಬಡಿದ ವರ್ಷ ದೋಣಿಯಲ್ಲಿ ಕ್ಯಾಮೆರಾ ಸಮೇತ ಬಂದು, ಛಾವಣಿ ಹತ್ತಿ ಕೂತಿದ್ದವರಿಗೆ ಅವಲಕ್ಕಿ-ಬೆಲ್ಲದ ಪೊಟ್ಟಣ ಹಂಚಿದ. ಬೆಳಕು ಸರಿಯಿರಲಿಲ್ಲವೆಂದು ಪೊಟ್ಟಣಗಳನ್ನು ವಾಪಸು ಇಸಿದುಕೊಂಡು ಮತ್ತೆ ಹಂಚಿದ. ಮೂರನೆಯ ಸಲ ಹಂಚಿದಾಗ ಬೆಳಕು ಸರಿಯಿತ್ತು, ಚಿತ್ರ ಸಿಕ್ಕಿತು, ಇಸಿದುಕೊಂಡ ಪೊಟ್ಟಣಗಳು ದೋಣಿಯಲ್ಲೇ ಉಳಿದವು.

ಇಂಥವನಿಗೆ ಒಂದು ಪಕ್ಷ ಟಿಕೆಟ್ಟು ಕೊಟ್ಟಿತು. ಪಕ್ಷದ ಹೆಸರು ಬೇಡ, ಅದಕ್ಕೂ ತಾಯಿತಂದೆ ಇದ್ದಾರೆ. ಎದುರಿಗೆ ನಿಂತವನು ಒಬ್ಬ ಹಾಲಿನ ಸೊಸೈಟಿಯ ಕಾರ್ಯದರ್ಶಿ. ಸ್ವಂತ ಹೆಂಡತಿಯೂ ಎರಡು ಸಲ ನೋಡಿ ಗುರುತಿಸಬೇಕಾದಂಥ ಮುಖ.

ಗೋಲಖನ ಚುನಾವಣೆ ನೋಡಿಕೊಳ್ಳಲು ಭುವನೇಶ್ವರದಿಂದ ಬಂದ ಬಿಭೂತಿ ಬಾಬುವಿಗೆ ಒಂದು ಯೋಜನೆ ಹೊಳೆಯಿತು. "ಹಣ ಹಂಚಿದ್ರೆ ತಗೊಂಡು ಬೇರೆಯವ್ರಿಗೆ ಓಟು ಹಾಕ್ತಾರೆ. ನಿರ್ಮಾಲ್ಯ ಹಂಚಿ ಸಾರ್. ಮನೆಮನೆಗೂ ಹೋಗಿ ಮಹಾಪ್ರಸಾದ ಆಗಿಬಿಡಿ. ಮಹಾಪ್ರಸಾದನಿಗೆ ದ್ರೋಹ ಮಾಡೋಕೆ ಯಾವನಿಗೆ ಧೈರ್ಯ?"

ಪುರಿಯಿಂದ ಮೂಟೆಗಟ್ಟಲೆ ಒಣಗಿದ ಅಗುಳು ಬಂತು. ಗೋಲಖ ಒಂದು ಕಡೆಯಿಂದ ಕ್ಷೇತ್ರದ ಬಾಯಿಗೆಲ್ಲ ಅಗುಳು ಹಾಕುತ್ತ, ಅಪ್ಪಿಕೊಳ್ಳುತ್ತ ಬಂದ. ಎಷ್ಟು ಅಪ್ಪಿದನೆಂದರೆ ಒಂದು ವಾರದಲ್ಲಿ ಅವನ ಅಂಗಿಯಲ್ಲಿ ಇಡೀ ತಾಲೂಕಿನ ಬೆವರಿತ್ತು. ಬಿಭೂತಿ ಬಾಬು ಎಡವಿದ್ದು ಮೊದಲ ಮೆರವಣಿಗೆಯಲ್ಲೇ ಗೊತ್ತಾಯಿತು. ಅವನು ಮೈಕಿನಲ್ಲಿ "ನಮ್ಮ ನಾಯಕ ಯಾರು?" ಎಂದು ಕೂಗಿದ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹೇಳ್ರಪ್ಪ! ಯಾರು?"

"ಹೆಸರು ಹೇಳೋ ಹಾಗಿಲ್ವಲ್ಲ ಬಾಬು," ಎಂದ ಮುಂದೆ ನಿಂತಿದ್ದ ಮುದುಕ. "ನೀವೇ ತಾನೆ ಬಾಯಿಗೆ ಹಾಕಿಸಿದ್ದು?"

ಮುಂದಿನದು ಇನ್ನೂ ಚೆಂದ. ಮಹಾಪ್ರಸಾದ ಆದವರಿಗೆಲ್ಲ ಹಕ್ಕೂ ಹುಟ್ಟಿತ್ತು. ಮಗಳ ಮದುವೆಯವರು ಸೀರೆ ಕೇಳಿಕೊಂಡು ಬಂದರು. ಗೋಲಖ ಎಲ್ಲರಿಗೂ ಆ ಒಂದೇ ಮುಖಭಾವ ತೋರಿಸಿ, "ಫಲಿತಾಂಶ ಬರ್ಲಿ" ಎನ್ನುತ್ತಿದ್ದ.

ಅವನ ಜೀಪು ಬೈಂಚಪಡಾಕ್ಕೆ ಬಂದದ್ದು ಒಂದು ಬೆಳಿಗ್ಗೆ. ಊರೆಲ್ಲ ಘಾಟಿನ ಬಳಿಯ ಭಾಗವತ ಮಂಟಪದಲ್ಲಿ ಸೇರಿತ್ತು. ನೇತ್ರ ಮೊಳೆಯಿಂದ ಮಣೆ ಇಳಿಸಿ, ಗೆದ್ದಲು ಒರೆಸಿ, ಕಂಕುಳಲ್ಲಿ ಇರುಕಿಕೊಂಡು ಹೊರಟ.

"ಬೈಯೋಕೆ ಹೋಗ್ತಿದೀರಾ?" ಎಂದಳು ಸುಭಾಸಿನಿ ಆಸೆಯಿಂದ.

"ಮಹಾಪ್ರಸಾದನ್ನ ಬೈಯೋ ಹಾಗಿಲ್ಲ ಕಣೆ. ಬೋಉದು ಒಂದು ಕೆಲ್ಸ ಬಾಕಿ ಇದೆ."

ಗೋಲಖ ಸಾಲಿನಲ್ಲಿ ಒಬ್ಬೊಬ್ಬರ ಬಾಯಿಗೂ ಅಗುಳು ಹಾಕುತ್ತ ನೇತ್ರನ ಎದುರು ಬಂದ. ಕೂದಲು ಹಾಗೇ ಇತ್ತು, ಕಾಗೆ ಮೊಟ್ಟೆ ಇಡಲು ಇನ್ನೂ ಯೋಗ್ಯವಾಗಿತ್ತು. ನೇತ್ರನ ಬಾಯಿಗೂ ಅಗುಳು ಹಾಕಿ, ಅಪ್ಪಿಕೊಂಡು, "ಇವತ್ತಿಂದ ನಾವಿಬ್ರೂ ಮಹಾಪ್ರಸಾದ" ಎಂದ.

ನೇತ್ರ ಅಗುಳನ್ನು ಮೆಲ್ಲಗೆ ನುಂಗಿದ. "ಇವತ್ತಿಂದ ಅಲ್ಲ, ಮಹಾಪ್ರಸಾದ. ಹಳೇದು ಒಂದಿತ್ತು."

ಗೋಲಖ ಕಣ್ಣು ಕಿರಿದು ಮಾಡಿದ. ಜನರ ನಡುವಿನಿಂದ ಕೇತಕಿ ಮುದುಕಿ ಕೂಗಿದಳು: "ಅಯ್ಯೋ, ಗುರುತೇ ಸಿಗ್ಲಿಲ್ವೇನೋ! ಬಾರಿಕನ ಮನೆ ಪಖಾಳ ತಿಂದು ಬೆಳೆದೋನಲ್ವೇನೋ ನೀನು! ನಿಸಾಮಣಿ ಬದನೇಕಾಯಿ ಎಲ್ಲಾ ನಿನ್ನ ಹೊಟ್ಟೇಗೇ ಹೋಯ್ತಲ್ಲೋ!"

"ಓ! ನಿಸಾಮಣಿ ಮಾಉಸಿ ಹೇಗಿದಾರೆ?" ಎಂದ ಗೋಲಖ, ಕ್ಯಾಮೆರಾದ ಕಡೆ ಒಂದು ಕಣ್ಣಿಟ್ಟು.

ಕೇತಕಿ ಮುದುಕಿ ಹಣೆ ಬಡಿದುಕೊಂಡಳು.

"ಚೆನ್ನಾಗಿದಾರೆ," ಎಂದ ನೇತ್ರ. "ಕಾಯ್ತಿದಾರೆ. ಅವತ್ತು ನಿನ್ನ ಕೂದ್ಲು ನಿರ್ಮಾಪಕರದ್ದಾಗಿತ್ತು. ಈಗ ಯಾವ ನಿರ್ಮಾಪಕನೂ ಇಲ್ಲ ಅಂತ ಕೇಳ್ದೆ. ಬಾ, ಘಾಟು ಇಲ್ಲೇ ಇದೆ, ಮಣೆ ತಂದಿದೀನಿ."

ಗೋಲಖ ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಅವನ ಐವತ್ತು ಚಿತ್ರಗಳಲ್ಲಿ ಒಮ್ಮೆಯೂ ಕಾಣದ ಎರಡನೆಯ ಮುಖಭಾವ ಅಂದು ಊರಿನವರಿಗೆಲ್ಲ ಪುಕ್ಕಟೆ ಕಾಣಿಸಿತು. "ಚುನಾವಣೆ ಮುಗೀಲಿ…"

"ಹಳೇ ಮಹಾಪ್ರಸಾದನಿಗೇ ನಡ್ಕೊಳ್ದೋನು ನಮಗೇನ್ ನಡ್ಕೋತಾನೆ?" ಎಂದ ಯಾರೋ. "ನಾನು ತಿಂದ ಅಗುಳನ್ನ ಉಗೀಲಾ ಹೇಗೆ?" ಎಂದ ಇನ್ನೊಬ್ಬ.

ಬಿಭೂತಿ ಬಾಬು ಗೋಲಖನ ಕಿವಿಯಲ್ಲಿ ಉಸುರಿದ: "ಕೂತ್ಕೊಳಿ ಸಾರ್. ಬೋಳು ತಲೆ, ನದಿ, ತಾಯಿ. ಇದಕ್ಕಿಂತ ಒಳ್ಳೇ ಫೋಟೋ ಸಿಗಲ್ಲ."

"ನಿಂಗೆ ಗೊತ್ತಾಗಲ್ಲಯ್ಯ!" ಎಂದು ಗೋಲಖ ಒದರಿದ. ಆದರೆ ಹಿಂದೆ ಜನ, ಮುಂದೆ ನೀರು. ಕೂತ.

ನೇತ್ರ ಬೊಗಸೆಯಲ್ಲಿ ನೀರು ತಂದು ತಲೆಗೆ ಹಾಕಿ, ಬೆರಳು ಆಡಿಸಿದ. ಬೆರಳು ಹಣೆಯ ಮೇಲಿನ ಒಂದು ಅಂಚಿಗೆ ತಾಗಿ ನಿಂತಿತು. ಬಗ್ಗಿ ನೋಡಿದ. ಗೋಲಖ ಅವನ ಮಣಿಕಟ್ಟು ಹಿಡಿದ.

"ಮಹಾಪ್ರಸಾದ," ಎಂದ ಅವನು ಪಿಸುದನಿಯಲ್ಲಿ, "ತೆಗೀಬೇಡ. ಕತ್ತಿ ಆಡಿಸಿದ ಹಾಗೆ ಮಾಡಿಬಿಡು. ಗೆದ್ದರೆ ನಿನಗೆ ಪೇಟೇಲಿ ಅಂಗಡಿ ಹಾಕಿಸಿಕೊಡ್ತೀನಿ."

"ಹಾಗೆ ಮಾಡೋಕೆ ಇದು ಸಿನಿಮಾ ಅಲ್ಲ," ಎಂದ ನೇತ್ರ. ಅಂಚಿಗೆ ಉಗುರು ಹಾಕಿ ಎತ್ತಿದ.

ಮೂರು ಜಿಲ್ಲೆಯ ಹುಡುಗರು ಕನ್ನಡಿಯ ಮುಂದೆ ಕನಸು ಕಂಡ ಕೂದಲು ಮೀನು ಬಲೆಯಿಂದ ಬಂದ ಹಾಗೆ ಮೇಲೆ ಬಂತು. ಅಡಿಯಲ್ಲಿ ಪೂರಿಯಂತೆ ಹೊಳೆಯುವ ಬುರುಡೆ. ಕೆಳಗೆ ಕಿವಿಯಿಂದ ಕಿವಿಗೆ ಬೆರಳಗಲದ ಒಂದು ಪಟ್ಟಿ ಮಾತ್ರ ಅವನ ಸ್ವಂತದ್ದು, ಅದಕ್ಕೂ ಬಣ್ಣ. ಎದ್ದ ನಗೆಗೆ ಆಚೆ ದಡದಲ್ಲಿ ಮೇಯುತ್ತಿದ್ದ ಎಮ್ಮೆಗಳು ಹಗ್ಗ ಕಿತ್ತು ಓಡಿದವು. ಕೇತಕಿ ಮುದುಕಿ ನಕ್ಕು ನಕ್ಕು ಕೂತಲ್ಲೇ ಒರಗಿದಳು. ಅವಳ ಬಾಯಿಯ ವೀಳ್ಯ ಬಿಭೂತಿ ಬಾಬುವಿನ ಬಿಳಿ ಅಂಗಿ ಸೇರಿತು.

ನೇತ್ರ ನಗಲಿಲ್ಲ. ಒಳಗೆ ಕಲ್ಕತ್ತದ ಅಂಗಡಿಯ ಚೀಟಿಯಿದ್ದ ಆ ಕೂದಲನ್ನು ಹೆಗಲ ವಸ್ತ್ರ ಗಾಮುಛಾದ ಮೇಲೆ ಒಪ್ಪವಾಗಿ ಇಟ್ಟು, ಗೋಲಖನ ಕತ್ತು ಬಗ್ಗಿಸಿ, ಆ ಬೆರಳಗಲದ ಪಟ್ಟಿಗೆ ನೀರು ಹಚ್ಚಿ, ಒಂದು ಎಳೆ ಉಳಿಯದಂತೆ ಬೋಳಿಸಿದ. ರಾಜನ ತಲೆ ಬೋಳಿಸುವವನೂ ಅಷ್ಟು ಹೊತ್ತು ತೆಗೆದುಕೊಳ್ಳುವುದಿಲ್ಲ. ನೀರಿಗೆ ಬಿಟ್ಟದ್ದು ಎರಡು ಮೀಸೆಗಾಗುವಷ್ಟು ಕೂದಲು.

"ಬೋಉ," ಎಂದ ನದಿಯ ಕಡೆ ತಿರುಗಿ, "ಇದ್ದಿದ್ದು ಇಷ್ಟೇ. ಪೂರ್ತಿ ಕೊಟ್ಟಿದೀನಿ."

ಆಮೇಲೆ ಗಾಮುಛಾದ ಮೇಲಿನದನ್ನು ಎತ್ತಿ ಗೋಲಖನ ಮಡಿಲಿಗೆ ಇಟ್ಟ. "ಇದು ಕಲ್ಕತ್ತದಲ್ಲಿ ಯಾರು ಯಾರ ತಾಯಿಗೆ ಕೊಟ್ಟಿದ್ದೋ. ನಮ್ಮ ಬೋಉಗೆ ಬೇಡ."

ಅಲ್ಲಿಗೆ ಚುನಾವಣೆ ಮುಗಿದಂತೆಯೇ. ನುಣ್ಣಗಾದ ತಲೆಯ ಮೇಲೆ ಆ ಕೂದಲು ಮತ್ತೆ ಅಂಟಲಿಲ್ಲ. ಎಡಕ್ಕೆ ಕೈಮುಗಿದರೆ ಬಲಕ್ಕೆ ಜಾರುತ್ತಿತ್ತು. ತೆಗೆದಿಟ್ಟು ಹೊರಟರೆ ಜನ ಪೋಸ್ಟರು ತೋರಿಸಿ, "ಇವರು ಯಾವಾಗ ಬರ್ತಾರೆ?" ಎಂದು ಅವನನ್ನೇ ಕೇಳುತ್ತಿದ್ದರು. ಹಾಲಿನ ಸೊಸೈಟಿಯವನು ಗೆದ್ದ. ಗೋಲಖನ ಠೇವಣಿ ಹೋಯಿತು. ಬೈಂಚಪಡಾದ ಮತಗಟ್ಟೆಯಲ್ಲಿ ಅವನಿಗೆ ಬಿದ್ದದ್ದು ಒಂದೇ ಒಂದು ಓಟು.

ಊರಿಗೆ ಊರೇ ಆ ದ್ರೋಹಿ ಯಾರೆಂದು ಹುಡುಕಿತು. ಸುಭಾಸಿನಿ ಹುಡುಕಲಿಲ್ಲ. ಸಂಜೆ ಅಂಗಡಿಗೆ ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಹಾಕಿದ್ದು ನೀವೇ ತಾನೆ?"

"ಮತ್ತೆ? ಮಹಾಪ್ರಸಾದ ಅಲ್ವಾ. ಅವನು ಮಾಡ್ಬೇಕಾದ್ದನ್ನ ಮಾಡಿದ, ನಾನು ಮಾಡ್ಬೇಕಾದ್ದನ್ನ ಮಾಡ್ದೆ."

"ಥೂ, ನಿಮ್ಮ ಧರ್ಮಕ್ಕಿಷ್ಟು!" ಎಂದ ಅವಳು ಗೋಡೆಯ ಖಾಲಿ ಮೊಳೆ ನೋಡಿದಳು. "ಮಣೆ ಎಲ್ಲಿ?"

ನೇತ್ರ ಕಾಲಡಿ ತೋರಿಸಿದ. ಬೆಂಚಿನ ಒಂದು ಕಾಲು ಗಿಡ್ಡವಾಗಿತ್ತು. ಅದರ ಕೆಳಗೆ ಮಣೆ ಸರಿಯಾಗಿ ಕೂತಿತ್ತು.