ಇನ್ನೂರು ಮನೆಯ ಕೌದಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇನ್ನೂರು ಮನೆಗಳ ಸಮೀಕ್ಷೆ ಎಂದು ನಾನು ಅಕ್ಕನ ಕೈಗಿಟ್ಟ ಕಟ್ಟಿನಲ್ಲಿ, ನಿಜವಾಗಿ ಬಾಗಿಲು ಬಡಿದಿದ್ದು ಇಪ್ಪತ್ತಾರು ಮನೆಗಳದ್ದು. ಉಳಿದ ನೂರಾ ಎಪ್ಪತ್ನಾಲ್ಕು ಮನೆಗಳನ್ನು ಸಿಂದಗಿ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯ ಬಾಕಿನ ಮೇಲೆ ಕೂತು ನಾನೇ ಕಟ್ಟಿದೆ, ನಾನೇ ಒಳಗೆ ಸಂಸಾರ ಹೂಡಿದೆ, ನಾನೇ ಹೊಸ್ತಿಲಿಗೆ ಬಂದು ಉತ್ತರ ಹೇಳಿದೆ. ಎರಡು ದಿನ, ಹದಿನೇಳು ಚಹಾ. ಆ ಇಡೀ ಕೆಲಸದಲ್ಲಿ ಚಹಾದ ಲೆಕ್ಕ ಒಂದೇ ಖರೆ.

ಅಕ್ಕ ಬಸವನ ಬಾಗೇವಾಡಿಯ ಒಂದು ಖಾಸಗಿ ಶಾಲೆಯ ಕಚೇರಿಯಲ್ಲಿ ಒಂಬತ್ತು ವರ್ಷದಿಂದ ಗುಮಾಸ್ತೆ. ಸೊಲ್ಲಾಪುರದಲ್ಲಿ ಮುಚ್ಚಿಹೋದ ಲಾಡ್ಜೊಂದರ ದೊಡ್ಡ ಬಟ್ಟೆ ತೊಳೆಯುವ ಯಂತ್ರ ಮಾರಾಟಕ್ಕಿದೆ ಎಂದು ಕೇಳಿದ ದಿನದಿಂದ ಅವಳ ತಲೆಯಲ್ಲಿ ಕೌದಿ ತಿರುಗತೊಡಗಿತ್ತು. ಹಳೆಯ ಸೀರೆ, ಧೋತರಗಳನ್ನು ಪದರ ಪದರ ಇಟ್ಟು ಹೊಲಿದ ಕೌದಿ ಒಣಗಿದ್ದಾಗ ಹೊದಿಕೆ, ನೆನೆದ ಮೇಲೆ ಎಮ್ಮೆಯ ಕರು. ಇಬ್ಬರು ಸೇರಿ ಹಿಂಡಲು ನಿಂತರೆ ಅದೇ ಇಬ್ಬರನ್ನೂ ಹಿಂಡುತ್ತದೆ. ಮನೆ ಬಾಗಿಲಿಗೆ ಬಂದು ಒಯ್ದು, ತೊಳೆದು, ಒಣಗಿಸಿ ತಂದುಕೊಟ್ಟರೆ ಯಾರು ಬೇಡ ಅಂದಾರು?

ಅನುಮಾನ ಒಂದೇ ಇತ್ತು. ನಮ್ಮ ಕಡೆ ಮಾನವಮಿಯ, ಅಂದರೆ ದಸರೆಯ, ಹಿಂದಿನ ವಾರ ಓಣಿಗೆ ಓಣಿಯೇ ಕೌದಿ ಹೊತ್ತು ಹಳ್ಳಕ್ಕೋ ಕಾಲುವೆಗೋ ಹೋಗುತ್ತದೆ. ಯುಗಾದಿಗೆ ಮೊದಲು ಇನ್ನೊಮ್ಮೆ. ಮನೆಮಂದಿಯೆಲ್ಲ ಕೈ ಹಚ್ಚಬೇಕಾದ ಕೆಲಸವೆಂದು ಹೀಗೆ ಮಾಡುತ್ತಾರೋ, ಅಥವಾ ಬೇರೆ ದಿನ ತೊಳೆಯಲು ಮನಸ್ಸೇ ಬರುವುದಿಲ್ಲವೋ? ಯಂತ್ರ ಬಂದರೆ ನಡುವಿನ ದಿನಗಳಲ್ಲೂ ಕೊಡುತ್ತಾರೋ? ಅದಕ್ಕೇ ಅಕ್ಕ ಒಂದು ಫಾರಂ ಮಾಡಿಸಿದಳು. ಎಷ್ಟು ಕೌದಿ ಇವೆ, ವರ್ಷಕ್ಕೆ ಎಷ್ಟು ಸಲ ತೊಳೆಯುತ್ತೀರಿ, ನಮಗೆ ಕೊಡುತ್ತೀರಾ, ಹಬ್ಬ ಬಿಟ್ಟು ಬೇರೆ ದಿನ ಕೊಡುತ್ತೀರಾ.

“ಈ ಕಡೀ ಪ್ರಶ್ನೆ ಸಲುವಾಗೇ ಉಳಿದ ಮೂರು ಪ್ರಶ್ನೆ ತಮ್ಮಾ,” ಎಂದಳು. “ಇದಕ್ಕ ಮಂದಿ ಹೂಂ ಅಂದ್ರ ನೌಕರಿ ಬಿಡ್ತೇನಿ. ಊಹೂಂ ಅಂದ್ರ ಬಿಡೂದಿಲ್ಲ. ಒಮ್ಮೆ ರಾಜೀನಾಮೆ ಕೊಟ್ರ ಆ ಕುರ್ಚಿ ನನಗ ಹೊಳ್ಳಿ ಸಿಗೂದಿಲ್ಲ.”

ಸಿಗುತ್ತಿರಲಿಲ್ಲ. ಶಾಲೆಯ ಸೆಕ್ರೆಟರಿಯವರ ಸೊಸೆ ಆಗಲೇ ಎರಡು ಸಲ ಬಂದು ಆ ಕುರ್ಚಿಯಲ್ಲಿ ಕೂತು ನೋಡಿ ಹೋಗಿದ್ದಳು.

ಸಮೀಕ್ಷೆಗೆ ನನ್ನನ್ನು ಆರಿಸಿದ್ದಕ್ಕೆ ಕಾರಣ ನನ್ನ ಬಿಕಾಂ. ಸ್ಟ್ಯಾಟಿಸ್ಟಿಕ್ಸ್ ಮಾಸ್ತರರ ದನಿ ತೆಗೆಯುವುದರಲ್ಲಿ ನಾನು ಡಿಸ್ಟಿಂಕ್ಷನ್, ಅವರ ವಿಷಯದಲ್ಲಿ ಬರೀ ಪಾಸು. ಮದುವೆ ಮನೆಯಿರಲಿ, ಹುಟ್ಟಿದ ಹಬ್ಬವಿರಲಿ, ಒಂದು ಮೂಲೆಯಲ್ಲಿ ನಿಂತು ನೆಂಟರ ದನಿ ತೆಗೆದು ನಗಿಸುವುದೇ ನನ್ನ ಉದ್ಯೋಗ. ಅಕ್ಕ ಅದನ್ನು ಜಾಣತನ ಎಂದುಕೊಂಡಳು.

ನಾಲ್ಕು ಊರು, ಊರಿಗೆ ಐವತ್ತು ಮನೆ. ಬಾಗೇವಾಡಿಯಲ್ಲಿ ನಮ್ಮ ಓಣಿಯ ಇಪ್ಪತ್ತೆರಡು ಮನೆ ಹೇಗೋ ಮುಗಿಸಿದೆ. ಅವರೂ ಅಕ್ಕನ ಮುಖ ನೋಡಿ ಎಲ್ಲದಕ್ಕೂ ಹೂಂ ಅಂದರು. ಇಂಡಿಯಲ್ಲಿ ನಾಲ್ಕನೆಯ ಮನೆಯಲ್ಲಿ, ನಿಂಬೆಹಣ್ಣು ಆರಿಸುತ್ತ ಕೂತಿದ್ದ ಹೆಂಗಸೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ನಮ್ಮ ಮನ್ಯಾಗ ಎಷ್ಟ ಕೌದಿ ಅದಾವ ಅಂತ ಎಣಸಾಕ ನೀ ಯಾರೋ? ಕಳವು ಮಾಡಾಕ ಬಂದೀಯೇನು?” ಎಂದಳು. ಪಕ್ಕದಲ್ಲಿ ನಾಯಿಯೂ ಎದ್ದು ನಿಂತು ಅದೇ ಪ್ರಶ್ನೆ ಕೇಳಿತು. ಬಂದ ಮೊದಲ ಬಸ್ಸು ಸಿಂದಗಿಯದು. ಹತ್ತಿದೆ.

ಚಹಾದಂಗಡಿಯಲ್ಲಿ ಕೆಲಸ ಸರಾಗ ಸಾಗಿತು. ಒಂದೊಂದು ಫಾರಂಗೂ ಒಂದೊಂದು ದನಿ. ಇಂಡಿಗೆ ಮೂಗಿನಲ್ಲಿ ಮಾತಾಡುವ ತೋಟದ ಗೌಡ, ಸಿಂದಗಿಗೆ ಪ್ರತಿ ಮಾತಿಗೂ ‘ತಿಳೀತಲ್ಲ’ ಅನ್ನುವ ನಿವೃತ್ತ ಮಾಸ್ತರ, ಮುದ್ದೇಬಿಹಾಳಕ್ಕೆ ನಮ್ಮ ಚಿಗವ್ವ. ಈ ಚಿಕ್ಕಮ್ಮ ಅಲ್ಲೇ ಇರುವುದು. ಯಾರಿಗೂ ಇಲ್ಲ ಅನ್ನದ ಸಿಹಿ ದನಿ ಅವಳದು, ನನಗೆ ಬಹಳ ಚೆನ್ನಾಗಿ ಬರುತ್ತದೆ. ಹಾಗಾಗಿ ಮುದ್ದೇಬಿಹಾಳದಲ್ಲಿ ಯಾರೂ ಇಲ್ಲ ಅನ್ನಲೇ ಇಲ್ಲ. “ಹಬ್ಬ ಯಾಕ ಬೇಕಪಾ? ಯಾವಾಗ ಬರ್ತಿ ಆವಾಗ ಒಯ್ಯಿ.” ಆ ನೂರಾ ಎಪ್ಪತ್ನಾಲ್ಕು ಮನೆಗಳಲ್ಲಿ ಒಂದು ನಾಯಿಯೂ ಬೊಗಳಲಿಲ್ಲ. ಒಬ್ಬರೂ ‘ಗೊತ್ತಿಲ್ಲ’ ಅನ್ನಲಿಲ್ಲ. ಬಾಗಿಲಿಗೆ ಬೀಗ ಹಾಕಿದ ಮನೆ ಒಂದೂ ಇರಲಿಲ್ಲ. ಸ್ವಲ್ಪ ಬುದ್ಧಿ ಇದ್ದವರಿಗೆ ಅಷ್ಟೇ ಸಾಕಿತ್ತು, ಇದು ಸುಳ್ಳೆಂದು ಹೇಳಲು.

ಅಕ್ಕನಿಗೆ ಬುದ್ಧಿ ಇತ್ತು. ಜೊತೆಗೆ ತಮ್ಮನ ಮೇಲೆ ನಂಬಿಕೆಯೂ ಇತ್ತು, ಅದೇ ಕೆಲಸ ಕೆಡಿಸಿತು. ಯಾರೂ ಇಲ್ಲ ಅನ್ನದ ಮುದ್ದೇಬಿಹಾಳದಲ್ಲೇ ಯಂತ್ರ ಹೂಡುವುದೆಂದು ಠರಾಯಿಸಿ, ಅಲ್ಲಿನ ಲೆಕ್ಕವನ್ನು ಅವಳೇ ಜೋರಾಗಿ ಓದಿದಳು. ಮನೆಗೆ ಸರಾಸರಿ ಏಳು ಕೌದಿ, ವರ್ಷಕ್ಕೆ ಎರಡು ಸಲ, ಅಂದರೆ ಹದಿನಾಲ್ಕು. ಮೊದಲು ಹಿಡಿಯಬೇಕೆಂದ ಓಣಿಗಳಲ್ಲಿ ನಾನೂರು ಮನೆ. ಹೂಂ ಅಂದವರೆಲ್ಲ ಕೊಡುವುದಿಲ್ಲ, ಹತ್ತಕ್ಕೆ ಆರು ಮನೆ ಎಂದು ಹಿಡಿಯೋಣ ಎಂದು ಅವಳೇ ಇಳಿಸಿದಳು. ಅಷ್ಟು ಹುಷಾರಿನ ಹೆಂಗಸು. ಇನ್ನೂರಾ ನಲವತ್ತು ಮನೆಗೆ ಮೂರು ಸಾವಿರದ ಮುನ್ನೂರಾ ಅರವತ್ತು ಕೌದಿ. ವರ್ಷದ ಮುನ್ನೂರು ದಿನಕ್ಕೆ ಹಂಚಿದರೆ ದಿನಕ್ಕೆ ಹನ್ನೊಂದು. ಒಣಗಿಸುವ ಜಾಗ ಹಿಡಿದು ನೋಡಿದರೆ ದಿನಕ್ಕೆ ಹನ್ನೆರಡರವರೆಗೆ ತೊಳೆದುಕೊಡಲು ಆಗುತ್ತದೆ.

“ಹೊಂದ್ತು ನೋಡು,” ಎಂದಳು. ಆಮೇಲೆ ಯಾರಿಗೋ ಹೇಳುವಂತೆ, “ನನ್ನ ತಮ್ಮ ಒಂದರ ಕೆಲಸ ನೆಟ್ಟಗ ಮಾಡ್ಯಾನ.”

ಆಗಲೇ ಹೇಳಬಹುದಿತ್ತು. ಹೇಳಿದೆ ಕೂಡ. ಆದರೆ ಹೇಡಿ ಹೇಗೆ ಹೇಳುತ್ತಾನೋ ಹಾಗೆ. ಮಾಸ್ತರರ ದನಿ ತೆಗೆದು, ಕನ್ನಡಕ ಸರಿಪಡಿಸಿಕೊಂಡವನಂತೆ ಮಾಡಿ, “ಪ್ರಿಯ ವಿದ್ಯಾರ್ಥಿಗಳೇ, ಈ ದತ್ತಾಂಶ ಸಂಪೂರ್ಣ ಕಟ್ಟುಕಥೆ,” ಎಂದೆ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ, ಆದರೂ ನಕ್ಕೆ.

ಎರಡು ದಿನ ಬಿಟ್ಟು ಅಕ್ಕನ ಗಂಡನಿಗೆ ಹೇಳಿದೆ. ಅವನಿಗೆ ನಾನು ಮಾಮಾ ಅನ್ನುವುದು, ಮೂರು ಗಾಲಿಯ ಸರಕಿನ ಟಂಟಂ ಓಡಿಸುತ್ತಾನೆ. ಈ ಸಲ ಯಾರ ದನಿಯೂ ಇಲ್ಲದೆ, ನನ್ನದೇ ದನಿಯಲ್ಲಿ ಹೇಳಿದೆ: “ಮಾಮಾ, ಆ ಫಾರಂ ನಾನ ಕೂತು ತುಂಬೇನಿ. ಯಾರನ್ನೂ ಕೇಳಿಲ್ಲ.”

ಮಾಮಾ ಚಕ್ರಕ್ಕೆ ಗಾಳಿ ಹೊಡೆಯುವುದನ್ನು ನಿಲ್ಲಿಸಿ, ಕಣ್ಣು ಕಿರಿದು ಮಾಡಿ ಕೇಳಿದ. “ಇದ್ಯಾರ ದನಿನೋ? ತಿಳೀವಲ್ದು. ಮತ್ತೊಮ್ಮೆ ತಗಿ.”

ಮತ್ತೊಮ್ಮೆ ಹೇಳಿದೆ.

“ಆ ಪೋಸ್ಟಮನ್ನಂದು! ಹೌದಿಲ್ಲೋ? ಅಡ್ಡಿಯಿಲ್ಲ ಮಗನ, ಥೇಟ್ ತಗದಿ.”

ಇಪ್ಪತ್ತೆರಡು ವರ್ಷ ಊರವರ ದನಿಯಲ್ಲಿ ಮಾತಾಡಿ, ನನ್ನ ದನಿ ನನ್ನದು ಎಂದು ಗುರುತು ಹಿಡಿಯುವವರು ಮನೆಯಲ್ಲಿ ಒಬ್ಬರೂ ಉಳಿದಿರಲಿಲ್ಲ. ಇನ್ನೂ ನಾಚಿಕೆಯ ಸಂಗತಿ ಹೇಳುತ್ತೇನೆ. ಅವನು ನಂಬಲಿಲ್ಲವೆಂದು ಒಳಗೊಳಗೇ ನನಗೆ ಸಮಾಧಾನವಾಯಿತು. ಹೇಳುವುದು ಹೇಳಿದ್ದೇನೆ, ನಂಬದಿದ್ದರೆ ನಾನೇನು ಮಾಡಲಿ ಎಂದು ಮಲಗಿದೆ. ನಿದ್ದೆ ಮಾತ್ರ ಬರಲಿಲ್ಲ.

ಭಾನುವಾರ ಯಂತ್ರ ಇಡುವ ಜಾಗ ನೋಡಲು ಮುದ್ದೇಬಿಹಾಳಕ್ಕೆ ಹೊರಟೆವು. ಟಂಟಂನ ಮುಂದಿನ ಸೀಟಿನಲ್ಲಿ ಒಂದು ಕಡೆ ಮಾಮಾ, ಇನ್ನೊಂದು ಕಡೆ ಅಕ್ಕ, ನಡುವೆ ನಾನು, ಮೊಣಕಾಲಿಗೆ ಗೇರು. ಅಕ್ಕನ ಬ್ಯಾಗಿನಲ್ಲಿ ಸೋಮವಾರ ಕೊಡಬೇಕಾದ ರಾಜೀನಾಮೆ ಪತ್ರ. ನಿಡಗುಂದಿ ದಾಟುವವರೆಗೂ ಅವಳು ಯಂತ್ರ ಎಲ್ಲಿಡಬೇಕು, ಹಗ್ಗ ಎಲ್ಲಿ ಕಟ್ಟಬೇಕು ಎಂದು ಹೇಳುತ್ತಲೇ ಇದ್ದಳು. ನಾನು ಬಾಯಿ ತೆರೆದಾಗಲೆಲ್ಲ ಮಾಮಾ, “ಹೂಂ, ಪೋಸ್ಟಮನ್ ಬಂದ,” ಅನ್ನುತ್ತಿದ್ದ. ಇಳಿಯಲು ಜಾಗವಿಲ್ಲ, ಹೇಳಲು ದನಿಯಿಲ್ಲ.

ಚಿಗವ್ವನ ಮನೆಯಲ್ಲಿ ನೀರು ಕುಡಿದು ಅಕ್ಕ ಕಟ್ಟೆಗೆ ಕೂತಳು. “ಚಿಗವ್ವಾ, ಇವ ಫಾರಂ ಹಿಡ್ಕೊಂಡ ಬಂದಾಗ ನಿನಗೇನ ಭಾಳ ತ್ರಾಸ ಕೊಡ್ಲಿಲ್ಲ ಹೌದಿಲ್ಲೋ?”

“ಯಾವ ಫಾರಂ?” ಚಿಗವ್ವ ನನ್ನ ಕಡೆ ತಿರುಗಿದಳು. ಸಿಹಿ ದನಿ ಎಲ್ಲಿ ಹೋಯಿತೋ. “ಈ ಭಾಡ್ಯಾ ನಮ್ಮ ಹೊಸ್ತಲಾ ತುಳದು ಮೂರು ವರ್ಷಾತು. ನಾ ಬದುಕೇನೋ ಸತ್ತೇನೋ ಅಂತ ಸುದ್ದಾ ನೋಡಿಲ್ಲ.”

ಅಕ್ಕ ನನ್ನನ್ನು ನೋಡಿದಳು. ಬೈಯಲಿಲ್ಲ. “ಖರೇ ಎಷ್ಟ ಕೇಳೀದಿ?” ಎಂದಳು.

“ಇಪ್ಪತ್ತಾರು. ಇಲ್ಲಿ ಒಂದೂ ಇಲ್ಲ.”

ಈ ಸಲ ಮಾಮಾ ಯಾರ ದನಿ ಎಂದು ಕೇಳಲಿಲ್ಲ.

ಅಕ್ಕ ಚಿಗವ್ವನ ಕಡೆ ತಿರುಗಿ ಒಂದೊಂದಾಗಿ ನಾಲ್ಕು ಪ್ರಶ್ನೆ ಕೇಳಿದಳು. ಎಂಟು ಕೌದಿ. ವರ್ಷಕ್ಕೆ ಎರಡು ಸಲ. ಕೊಡ್ತೀಯಾ? “ಯಾಕ ಕೊಡಬಾರ್ದು, ನನ್ನ ಸೊಂಟ ಬಿದ್ದಹೋಗೈತಿ.” ನಡುವಿನ ದಿನಗಳಲ್ಲಿ?

“ಏ ಹುಚ್ಚೀ, ನಡುವ ಯಾರ ತೊಳೀತಾರ? ಮಾನವಮಿ ಘಟಾ ಹಾಕೂ ಮುಂಚೆ ಓಣೆಲ್ಲಾ ತೊಳೀತೈತಿ, ನಾನೂ ತೊಳೀತೇನಿ. ಇಲ್ಲದ ದಿನಾ ಎಂಟು ಕೌದಿ ಮಾಳಗಿ ಮ್ಯಾಲ ಒಣಹಾಕಿದ್ರ, ನಿಮ್ಮನ್ಯಾಗ ಯಾರ ಸತ್ರು ಅಂತ ಮಂದಿ ಕೇಳಾಕ ಬರ್ತಾರ.”

“ಈಗಿನ ಮಂದಿ ಅದನ್ನೆಲ್ಲಾ ನೋಡೂದಿಲ್ಲ ಅಂತ ತಿಳದಿದ್ದೆ,” ಎಂದಳು ಅಕ್ಕ, ಮೆಲ್ಲಗೆ. ಎದ್ದು ಪಕ್ಕದ ಮನೆಯ ಬಾಗಿಲಿಗೆ ಹೋದಳು. ಅದರ ಪಕ್ಕದ ಮನೆಗೂ. ನಾನು ಹಿಂದೆ ಹಿಂದೆ. ಬರೆದುಕೊಳ್ಳಲು ಖಾಲಿ ಕಾಗದ ಇರಲಿಲ್ಲ, ಫಾರಂಗಳ ತುಂಬ ನನ್ನ ಸುಳ್ಳು. ಅವಳು ಬ್ಯಾಗಿನಿಂದ ರಾಜೀನಾಮೆ ಪತ್ರ ತೆಗೆದು ಮಗುಚಿ, ಹಿಂಬದಿಗೆ ಹನ್ನೆರಡು ತಿಂಗಳ ಹನ್ನೆರಡು ಚೌಕ ಹಾಕಿ ಗೆರೆ ಎಳೆಯುತ್ತ ಹೋದಳು. ಮೂವತ್ತು ಮನೆ ಕೇಳಿದಳು. ನಾಲ್ಕು ಕಡೆ ಬೀಗ, ಎರಡು ಕಡೆ ಬೈಗುಳ. ಉಳಿದವರದ್ದು ಒಂದೇ ಮಾತು, ಹಬ್ಬ ಬಿಟ್ಟು ಬೇರೆ ದಿನ ಇಲ್ಲ. ಹನ್ನೆರಡರಲ್ಲಿ ಹತ್ತು ಚೌಕ ಬರಿದೋ ಬರಿದು. ಮಾನವಮಿಯ ಚೌಕ ತುಂಬಿ, ಗೆರೆಗಳು ಕಾಗದದ ಅಂಚಿಗೆ ಚೆಲ್ಲಿದ್ದವು. ಎರಡು ವಾರಕ್ಕೆ ಮೂರು ಸಾವಿರ ಕೌದಿ, ಉಳಿದ ವರ್ಷ ಯಂತ್ರದ ಮೇಲೆ ಬೆಕ್ಕು ಮಲಗಬೇಕು.

ಹೊಳ್ಳಿ ಟಂಟಂ ಬಳಿಗೆ ಬಂದಾಗ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ಲೆಕ್ಕ ಮಾಡಿದ್ದೆ. ಮನೆಗೆ ಏಳು ಕೌದಿ ಚಿಲ್ಲರೆ, ವರ್ಷಕ್ಕೆ ಎರಡು ಸಲ, ಕೊಡುತ್ತೇವೆ ಅಂದವರು ಹತ್ತಕ್ಕೆ ಆರು. ನಾನು ಚಹಾದಂಗಡಿಯಲ್ಲಿ ಕಟ್ಟಿದ ಸರಾಸರಿ, ಅಕ್ಕ ಇಳಿಸಿ ಹಿಡಿದ ಲೆಕ್ಕ, ಎರಡೂ ಹಾಗೆಹಾಗೇ ಬಂದಿದ್ದವು! ಸಿಕ್ಕಿಬಿದ್ದವನಿಗೆ ಒಂದು ಕಿಂಡಿ ಕಂಡಂತಾಯಿತು.

“ಅಕ್ಕಾ, ನಾ ಕೇಳಿಲ್ಲ ಖರೆ. ಆದ್ರ ಸರಾಸರಿ ತಪ್ಪಿಲ್ಲ ನೋಡು. ಈಗೂ ದಿನಕ್ಕ ಹನ್ನೊಂದ ಬೀಳ್ತೈತಿ.”

“ಹುಡುಗ ಹೇಳೂದ್ರಾಗೂ ಏನೋ ಐತಿ,” ಎಂದ ಮಾಮಾ. ಪಾಪ, ಅವನಿಗೆ ಯಂತ್ರದ ಮೇಲೆ ಆಸೆ ಉಳಿದಿತ್ತು.

ಅಕ್ಕ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ತುರುಕಿ, ನಾನು ನಡುವೆ ಕೂರಲಿ ಎಂದು ದಾರಿ ಬಿಟ್ಟು ನಿಂತಳು.

“ದಿನಕ್ಕ ನಾಕು ರೊಟ್ಟಿ ತಿಂತಿ ನೀ. ಇಡೀ ವರ್ಷದ ರೊಟ್ಟಿ ಮಾನವಮಿ ಹಿಂದಿನ ವಾರದಾಗ ಬಡದು ಹಾಕ್ತೇನಿ, ಉಳಿದ ದಿನಾ ಖಾಲಿ ತಾಟ ಇಡ್ತೇನಿ. ಸರಾಸರಿ ಬರೋಬ್ಬರಿ ಐತಿ, ಸುಮ್ನ ಉಣ್ಣು.”